ಕೆಂಪು ಬಣ್ಣ ಮುಟ್ಟದ ನಾಲ್ಕು ಚೌಕ

ಕಚೇರಿಯ ಕಡತದಲ್ಲಿ ಅವರಿಗೆ ಬೇರೆ ಹೆಸರಿತ್ತು. ಪೇಟೆಯವರಿಗೆಲ್ಲ ಅವರು ಮೊಹರಪ್ಪ. ತೆರಿಗೆ ಕಟ್ಟದ ಅಂಗಡಿ, ಕಾರ್ಖಾನೆಗಳಿಗೆ ಹೋಗಿ ಸಾಮಾನು ಪಟ್ಟಿ ಮಾಡಿ, ಬೀಗ ಹಾಕಿ, ಅರಗಿನ ಮೊಹರು ಒತ್ತುವುದು ಅವರ ಕೆಲಸ. ಇಪ್ಪತ್ತಾರು ವರ್ಷ ಅದನ್ನೇ ಮಾಡಿ ಯಾರ ಮಾತನ್ನೂ ಅವರು ನಂಬದಂತಾಗಿದ್ದರು. ಮನೆಯಲ್ಲಿ ಹಾಲಿಗೂ ಬೆರಳದ್ದಿ ನೋಡುವರು. "ನಾನು ಕೊಟ್ಟ ನೀರಿಗೂ ರಸೀದಿ ಕೇಳ್ತೀರೇನೋ" ಎಂದು ಹೆಂಡತಿ ಹಂಗಿಸುವಳು. ಕಚೇರಿ ಕೊಟ್ಟ ಅಳತೆ ಟೇಪನ್ನೂ ನಂಬದೆ, ಗಂಟು ಹಾಕಿದ ದಾರವೊಂದನ್ನು ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರು.

ಆ ದಿನ ಬೆಳಿಗ್ಗೆ ಹತ್ತಕ್ಕೆ ಅವರು ಹೋದದ್ದು ಪುಸ್ತಕ ಬೈಂಡ್ ಮಾಡುವ ಅಂಗಡಿಗೆ. ಮೂರು ವರ್ಷದ ತೆರಿಗೆ ಬಾಕಿ. ನೋಟಿಸು ಮುಟ್ಟಿ ತಿಂಗಳಾಗಿತ್ತು. ಮಾಲೀಕ ನಗುನಗುತ್ತ ಕುರ್ಚಿ ಎಳೆದು ಹಾಕಿದ. ಅಷ್ಟಕ್ಕೇ ಮೊಹರಪ್ಪನವರ ಹುಬ್ಬು ಮೇಲೇರಿತು.

"ಬನ್ನಿ ಸಾರ್, ಬರ್ಕೊಳ್ಳಿ. ರಟ್ಟು, ಅಂಟಿನ ಡಬ್ಬ, ಈ ಪಿನ್ ಹೊಡೆಯೋ ಮೆಷಿನ್ನು. ಇರೋದೇ ಇಷ್ಟು. ಮೊದ್ಲು ಮೆಷಿನ್ ಬರ್ಕೊಳ್ಳಿ, ಒಳ್ಳೇ ಬೆಲೆ ಬರುತ್ತೆ."

ಮೆಷಿನ್ನಿನ ಮುಂದೆ ಅವನ ಸೋದರತ್ತೆ ಕೂತಿದ್ದಳು. ಹಾಳೆ ಜೋಡಿಸುತ್ತಿದ್ದ ಅವಳ ಕೈ ಆ ಮಾತಿಗೆ ನಿಂತಿತು.

ಮೊಹರಪ್ಪ ಬರೆಯಲಿಲ್ಲ. ಸಾಮಾನು ನಂದಲ್ಲ, ಭಾವಂದು, ಬೀಗರದು ಎಂದು ಅಳುವವರನ್ನು ಅವರು ಕಂಡಿದ್ದರು. ಹೀಗೆ ತಾನೇ ಮುಂದೊಡ್ಡಿ ಕೊಡುವವನನ್ನು ಕಂಡಿರಲಿಲ್ಲ. ಸುತ್ತ ಕಣ್ಣು ಹಾಯಿಸಿದರು. ಮೂಲೆಯಲ್ಲಿ ಒಂದು ಚೀಲದ ತುಂಬ ಅಂಚು ಕತ್ತರಿಸಿದ ಕಾಗದದ ಚೂರುಗಳು. ಮೇಜಿನ ಮೇಲೆ ಅಂಚು ನುಣ್ಣಗೆ ಕತ್ತರಿಸಿದ ನೋಟುಪುಸ್ತಕಗಳು. ಕತ್ತರಿಸುವ ಮೆಷಿನ್ ಮಾತ್ರ ಇಲ್ಲ.

"ಇದನ್ನೆಲ್ಲ ಹಲ್ಲಲ್ಲಿ ಕಚ್ಚಿ ಕತ್ತರಿಸಿದ್ರೇನಪ್ಪ?"

"ಹೊರಗೆ ಮಾಡಿಸ್ತೀವಿ ಸಾರ್."

"ಹೊರಗೆ ಮಾಡಿಸಿ ಚೂರು ಮಾತ್ರ ಇಲ್ಲಿಗೆ ಹೊತ್ಕೊಂಡ್ ಬರ್ತೀರಾ?"

ಮಾಲೀಕ ಫ್ಯಾನಿನ ಕಡೆ ನೋಡಿದ. ಮೊಹರಪ್ಪ ಮಂಡಿಯೂರಿ ದಾರ ತೆಗೆದರು. ಪಿನ್ ಮೆಷಿನ್ನಿನ ಕಾಲುಗಳ ಆಚೆಗೆ, ನೆಲದಲ್ಲಿ, ನಾಲ್ಕು ಹಳೆಯ ಕುಳಿಗಳು. ದಾರದ ಲೆಕ್ಕಕ್ಕೆ ಎರಡು ಗಂಟು ಅಗಲ ಹೆಚ್ಚು. ದೊಡ್ಡದೇನೋ ಇದ್ದ ಜಾಗಕ್ಕೆ ಚಿಕ್ಕದನ್ನು ತಂದು ನಿಲ್ಲಿಸಿದ್ದಾರೆ.

"ಈ ಮೆಷಿನ್ ಯಾರ್ದಮ್ಮ?"

"ಹೇಳಿದ್ನಲ್ಲ ಸಾರ್, ಅಂಗಡೀದೇ," ಎಂದ ಮಾಲೀಕ.

"ನಿನ್ನ ಕೇಳಿದ್ನಾ?"

ಅತ್ತೆ ಸೋದರಳಿಯನ ಮುಖವನ್ನೇ ನೋಡುತ್ತ ಹೇಳಿದಳು: "ನಂದು. ಹದಿನೈದು ದಿನದ ಕೆಳಗೆ ಇವ್ನೇ ಬಂದು, ಕೆಲ್ಸ ಜಾಸ್ತಿ ಇದೆ, ನಿನ್ ಮೆಷಿನ್ ಅಂಗಡೀಲಿಡು ಅಂದ. ಪಟ್ಟೀಗೆ ಸೇರಿಸ್ತಾನೆ ಅಂತ ಯಾರಿಗ್ಗೊತ್ತಿತ್ತು? ಇದು ಹೋದ್ರೆ ನಂಗೆ ಅನ್ನಕ್ಕೆ ಬೇರೆ ದಾರಿ ಇಲ್ಲ."

ಮೊಹರಪ್ಪ ಇದನ್ನೂ ನಂಬಲಿಲ್ಲ. ಅತ್ತೆ ಅಳಿಯ ಕೂಡಿ ಆಡುತ್ತಿರುವ ನಾಟಕವೂ ಇರಬಹುದು. ಬಾಕಿದಾರನದಲ್ಲದ್ದನ್ನು ಮುಟ್ಟಲು ಕಾನೂನು ಬಿಡುವುದಿಲ್ಲ, ನಿಜ. ಆದರೆ ಅಂಗಡಿಯೊಳಗೆ ಇರುವುದು ಅಂಗಡಿಯದೇ ಎಂದು ಅದು ಲೆಕ್ಕ ಹಿಡಿಯುತ್ತದೆ. ಅಲ್ಲ ಎನ್ನುವವರು ತೋರಿಸಿಕೊಡಬೇಕು.

"ರಸೀದಿ ಇದ್ಯಾ?"

"ನಮ್ಮ ಯಜಮಾನ್ರು ತಂದಿದ್ದು. ಅವ್ರೂ ಇಲ್ಲ, ರಸೀದೀನೂ ಇಲ್ಲ. ಅವ್ರಿದ್ದಾಗ ಮನೆ ನೆಲಕ್ಕೆ ಕೆಂಪು ಬಣ್ಣ ಬಳಿಸಿದ್ವಿ. ಮೆಷಿನ್ ಎತ್ತೋಕಾಗ್ದೆ ಸುತ್ತ ಬಳಿದ್ರು. ಕಾಲಿದ್ದ ಕಡೆ ನಾಲ್ಕು ಚೌಕ ಹಾಗೇ ಉಳಿದಿದೆ."

"ತೋರ್ಸಿ."

ಅವಳ ಮನೆ ಹಿಂದಿನ ಓಣಿಯಲ್ಲಿ. ಬೀಗದ ಕೈ ತೆಗೆದವಳು ಬೀಗಕ್ಕೆ ಹಾಕದೆ ಹಿಂತಿರುಗಿ ನೋಡಿದಳು. ಹಿಂದೆಯೇ ಓಡಿಬಂದ ಅಳಿಯ ಏದುಸಿರು ಬಿಡುತ್ತ ಕೂಗಿದ: "ಅತ್ತೆ, ತೆಗೀಬೇಡ! ಮನೆಯೊಳಗೆ ಬರೋಕೆ ಇವ್ರ ಹತ್ರ ಆರ್ಡರ್ ಇಲ್ಲ!"

ಮಾತು ಸುಳ್ಳಲ್ಲ. ಆದೇಶ ಅಂಗಡಿಗಷ್ಟೇ ಇತ್ತು.

"ಹೌದಮ್ಮ," ಎಂದರು ಮೊಹರಪ್ಪ. "ಬೇಡ ಅಂದ್ರೆ ಹೀಗೇ ವಾಪಸ್ ಹೋಗ್ತೀನಿ. ಆದ್ರೆ ನಿಮ್ಮ ಮೆಷಿನ್ ಪಟ್ಟೀಗೆ ಸೇರುತ್ತೆ."

"ಒಳಗೆ ಅಂಗಡೀದೇನಾದ್ರೂ ಇದ್ರೆ ನಾನು ಜೈಲಿಗೆ ಹೋಗ್ಬೇಕಾ?"

"ಯಾರು ತಂದಿಟ್ಟಿದ್ದು ಅಂತ ಹೇಳಿದ್ರೆ ಅದನ್ನೇ ಬರೀತೀನಿ. ಅದಕ್ಕಿಂತ ಹೆಚ್ಚು ಮಾತು ಕೊಡಲ್ಲ."

ಅವಳು ಅಳಿಯನ ಕಡೆ ತಿರುಗಿದಳು. "ಎಂಟು ದಿನ ಇಟ್ಕೋ ಅಂದೆ, ಇಟ್ಕೊಂಡೆ. ನಿನ್ನ ಎತ್ತಿ ಆಡಿಸಿದ್ದೆ ಕಣೋ. ನನ್ನ ಅನ್ನಕ್ಕೇ ಕೈ ಹಾಕಿದ್ಯಲ್ಲೋ."

ಬಾಗಿಲು ತೆಗೆದಳು.

ಮಂಚದ ಪಕ್ಕ ಹಳೇ ದುಪ್ಪಟಿ ಹೊದ್ದು ಕಟಿಂಗ್ ಮೆಷಿನ್ ನಿಂತಿತ್ತು. ಅದರ ಕಾಲುಗಳ ಒಳಗಡೆ, ಕೆಂಪು ನೆಲದಲ್ಲಿ, ನಾಲ್ಕು ಬೂದು ಚೌಕಗಳು. ಮೊಹರಪ್ಪ ದಾರವಿಟ್ಟರು, ಅಂಗಡಿಯಲ್ಲಿ ಪಿನ್ ಮೆಷಿನ್ನಿನ ಕಾಲುಗಳಿಗೆ ಅಳೆದಿದ್ದ ಗಂಟಿಗೆ ಸರಿಯಾಗಿ ಬಂತು. ಬಣ್ಣ ಹೊಸದೇನೋ ಎಂದು ಅಂಚನ್ನು ಉಗುರಿನಿಂದ ಕೆರೆದರು. ವರ್ಷಗಟ್ಟಲೆಯ ಕೊಳೆ ಉಗುರಿಗೆ ಬಂತು.

ನೋಟಿಸು ಮುಟ್ಟಿದ ಮೇಲೆ ಅಂಗಡಿಯ ಸಾಮಾನನ್ನು ಎಲ್ಲಿ ಸಾಗಿಸಿದರೂ ಸರಕಾರದ ಹಕ್ಕು ತಪ್ಪುವುದಿಲ್ಲ. ಕಟಿಂಗ್ ಮೆಷಿನ್ ಪಟ್ಟಿಗೆ ಸೇರಿತು, ತಂದಿಟ್ಟವನ ಹೆಸರಿನ ಸಮೇತ. ಪಿನ್ ಮೆಷಿನ್ ಅತ್ತೆಯದು ಎಂದು ಬೇರೆ ಕಾಗದ ಬರೆದು ಅವಳ ಕೈಗಿಟ್ಟರು. ಅವಳು ಅದನ್ನು ತಿರುಗಿಸಿ ನೋಡಿ, ಪಕ್ಕದ ಮನೆಯವಳಿಂದ ಓದಿಸಿದಳು. ಆಮೇಲೆ ಎದುರು ಮನೆಯವರಿಂದ ಇನ್ನೊಂದು ಸಲ.

"ನನ್ನನ್ನೂ ನಂಬಲ್ವೇನಮ್ಮ?"

"ಸ್ವಂತ ಅಳಿಯನ್ನ ನಂಬಿದ್ದಾಯ್ತಲ್ಲ ಸ್ವಾಮಿ."

ಮೊಹರಪ್ಪನವರಿಗೆ ಬೇಸರವಾಗಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ಅವರ ಕಾಗದವನ್ನು ಎರಡು ಸಲ ಓದಿಸಿದವಳು ಇವಳೊಬ್ಬಳೇ. ಅಂಗಡಿಗೆ ಮೊಹರು ಒತ್ತುವ ಮೊದಲು ಕಟಿಂಗ್ ಮೆಷಿನ್ನನ್ನು ಅಲ್ಲಿಗೆ ವಾಪಸ್ ತರಿಸಿ, ಪಿನ್ ಮೆಷಿನ್ನನ್ನು ಹೊರಗೆ ತೆಗೆಸಿ ಅತ್ತೆಯ ಮನೆಗೆ ಹೊರಿಸಿದರು. ನಾಲ್ಕನೇ ಕಾಲು ನಾಲ್ಕನೇ ಚೌಕದ ಮೇಲೆ ಕೂರುವ ತನಕ ಬಾಗಿಲಲ್ಲೇ ನಿಂತಿದ್ದು, ಆಮೇಲೆ ದಾರ ಸುತ್ತಿ ಜೇಬಿಗೆ ಹಾಕಿಕೊಂಡರು.