ಮುನಿರಾಜಣ್ಣನಿಗೆ ನಾನು ಕೊಟ್ಟ ಗ್ಯಾರಂಟಿ

ಮುನಿರಾಜಣ್ಣ ಕಾರು ಕಲಿಸುವಾಗ ಮಡಿಲಲ್ಲಿ ಒಂದು ದಿಂಬು ಇಟ್ಟುಕೊಂಡು, ಅದನ್ನು ಎರಡೂ ಕೈಯಿಂದ ಅವುಚಿಕೊಂಡು ಡ್ಯಾಶ್‌ಬೋರ್ಡಿನ ಕಡೆಗೆ ಬಾಗಿ ಕೂರುತ್ತಿದ್ದರು. ಮೊದಲ ದಿನ ಅದನ್ನು ನೋಡಿ ನನಗೆ ಅವಮಾನವೇ ಆಯಿತು. ನನ್ನ ಕೈಗೆ ಸ್ಟೀರಿಂಗ್ ಕೊಟ್ಟು, ಈ ಮನುಷ್ಯ ಪ್ರಾಣಭಯದಿಂದ ದಿಂಬು ತಬ್ಬಿಕೊಂಡಿದ್ದಾನೆ ಅಂದುಕೊಂಡೆ.

“ನನ್ನ ಡ್ರೈವಿಂಗ್ ಅಂದ್ರೆ ಅಷ್ಟೊಂದು ಭಯಾನಾ?” ಎಂದು ಕೇಳಿಯೇಬಿಟ್ಟೆ.

“ಅಯ್ಯೋ ಇಲ್ಲ ಮೇಡಮ್ಮೋರೆ, ನಂಗೆ ಒಟ್ಟೆನೋವು. ಇಂಗೆ ಮುಂದಕ್ಕೆ ಬಗ್ಗಿ ಕುಂತ್ರೆ ವಸಿ ತಡ್ಕೋಬೋದು. ನೀವು ಕ್ಲಚ್ ಕಡೆ ನೋಡಿ, ನನ್ ಕಡೆ ಬ್ಯಾಡ.”

ಆಗ ನನಗೆ ನಲವತ್ತಾರು. ಯಲಹಂಕದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಕಾರು ಕಲಿಸುತ್ತೇನೆಂದು ಹೊರಟ ಗಂಡ ಎರಡೇ ದಿನಕ್ಕೆ ಕೂಗಾಡಿ ಕೈಬಿಟ್ಟಿದ್ದರು. ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು, ಹುಣಸಮಾರನಹಳ್ಳಿಯ ಮುನಿರಾಜಣ್ಣ ಒಂದು ದಿನವೂ ದನಿ ಎತ್ತಲಿಲ್ಲ. ಸಿಗ್ನಲ್‌ನಲ್ಲಿ ಗಾಡಿ ನಿಂತುಹೋಗಿ ಹಿಂದಿನವರೆಲ್ಲ ಬೈಯುತ್ತಿದ್ದರೆ, “ಬೈಲಿ ಬುಡಿ, ಅವ್ರೂ ಯಾರತ್ರಾನೋ ಇಂಗೇ ಕಲ್ತಿರೋದು” ಅನ್ನುತ್ತಿದ್ದರು. ಹೆಬ್ಬಾಳದ ಫ್ಲೈಓವರ್ ಹತ್ತುವಾಗ ನಾನು ರಾಘವೇಂದ್ರ ಸ್ವಾಮಿಗಳನ್ನು ನೆನೆದರೆ, “ದೇವ್ರು ಆಮೇಲೆ. ಮೊದ್ಲು ಕನ್ನಡಿ ನೋಡಿ” ಎಂಬ ಅಪ್ಪಣೆ. ನನ್ನ ಪಾಠ ಬೆಳಿಗ್ಗೆ ಆರೂವರೆಗೆ. ಮಿಂದು, ವಿಭೂತಿ ಇಟ್ಟು, ಇಸ್ತ್ರಿ ಅಂಗಿ ತೊಟ್ಟು ಬರುತ್ತಿದ್ದರು. ಆ ಅಂಗಿ ಮಾತ್ರ ತಿಂಗಳಿಂದ ತಿಂಗಳಿಗೆ ದೊಡ್ಡದಾಗುತ್ತಿರುವಂತೆ ಕಾಣುತ್ತಿತ್ತು.

ಲೈಸೆನ್ಸ್ ಬಂದ ಮೇಲೂ ಧೈರ್ಯ ಸಾಲದೆ ವಾರಕ್ಕೆರಡು ದಿನ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಓಡಿಸುತ್ತಿದ್ದೆ. ಆ ದಿನಗಳಲ್ಲೇ ಕಲಿಯಲು ಬಂದಿದ್ದ ಹುಡುಗಿಯೊಬ್ಬಳ ತಂದೆ, “ನಿಮ್ಮ ಮೇಷ್ಟ್ರು ಕುಡುಕ, ಮುಖ ನೋಡಿದ್ರೇ ಗೊತ್ತಾಗುತ್ತೆ” ಎಂದು ಡ್ರೈವಿಂಗ್ ಸ್ಕೂಲಿನ ಮಾಲೀಕರಿಗೆ ದೂರು ಕೊಟ್ಟರು. ಮುನಿರಾಜಣ್ಣನ ಕೆಲಸ ಹೋಗುವುದರಲ್ಲಿತ್ತು. ನಾನೇ ಮಾಲೀಕರ ಮುಂದೆ ಹೋಗಿ ಕೂತೆ. “ಐದು ತಿಂಗಳಿಂದ ಅವರ ಪಕ್ಕ ಕೂತಿದ್ದೀನಿ. ಒಂದು ದಿನವೂ ವಾಸನೆ ಬಂದಿಲ್ಲ. ಅವರಿಗೆ ಕಾಯಿಲೆ ಇದೆ. ನಾನು ಗ್ಯಾರಂಟಿ ಕೊಡ್ತೀನಿ” ಎಂದು ವಾದಿಸಿದೆ. ಕೆಲಸ ಉಳಿಯಿತು.

ಗ್ಯಾರಂಟಿ ಕೊಟ್ಟ ಮೇಲೆ ಕಾಯಿಲೆ ಏನೆಂದು ತಿಳಿಯಬೇಡವೇ? ಹೆಬ್ಬಾಳದ ಹತ್ತಿರದ ಆಸ್ಪತ್ರೆಗೆ ನಾನೇ ಕಾರು ಓಡಿಸಿಕೊಂಡು ಕರೆದೊಯ್ದೆ. ಉಂಡ ಮೇಲೆ ಎದೆಗೂಡಿನ ಕೆಳಗೆ ಹುಟ್ಟಿ ಬೆನ್ನಿಗೆ ಗೂಟ ಹೊಡೆದಂತೆ ಹಾಯುವ ನೋವು, ಇಳಿಯುತ್ತಿರುವ ತೂಕ, ಎಲ್ಲ ಹೇಳಿದರು. “ಏಳೋಕೆ ನಾಚ್ಕೆ, ಕಕ್ಕಸ್ಸಲ್ಲಿ ಎಣ್ಣೆ ತೇಲ್ತದೆ ಡಾಕ್ಟ್ರೇ” ಎಂದು ತಗ್ಗಿದ ದನಿಯಲ್ಲಿ ಸೇರಿಸಿದರು. ಸ್ಕ್ಯಾನ್ ನೋಡಿದ ಡಾಕ್ಟರಮ್ಮ ವಿವರಿಸಿದರು. ಮೇದೋಜೀರಕ ಗ್ರಂಥಿ ವರ್ಷಗಟ್ಟಲೆ ಉರಿಯೂತದಲ್ಲಿ ಬೆಂದು ಗಟ್ಟಿಯಾಗಿದೆ, ಅದರ ನಾಳದಲ್ಲಿ ಕಲ್ಲು ಕಟ್ಟಿಕೊಂಡಿದೆ, ತಿಂದ ಜಿಡ್ಡು ಅರಗುತ್ತಿಲ್ಲ, ಸಕ್ಕರೆ ಕಾಯಿಲೆಯೂ ಶುರುವಾಗಿದೆ.

“ಕುಡೀತೀರಾ?”

“ಇಲ್ಲಮ್ಮ.”

ಡಾಕ್ಟರಮ್ಮ ನನ್ನ ಕಡೆ ನೋಡಿದರು. “ಇಲ್ಲ ಡಾಕ್ಟ್ರೇ, ಅದಕ್ಕೆ ನಾನು ಗ್ಯಾರಂಟಿ” ಎಂದೆ.

“ಇದು ಹೆಚ್ಚಾಗಿ ಬರೋದು ಕುಡಿತದಿಂದ, ಬೀಡಿ ಸಿಗರೇಟಿನಿಂದ. ಕುಡಿಯದೋರಿಗೂ ಬರುತ್ತೆ. ಬೇರೆ ಕಾರಣ ಹುಡುಕೋಣ” ಎಂದರು ಅವರು.

ಹುಡುಕಿದೆವು. ರಕ್ತದ ಕ್ಯಾಲ್ಸಿಯಂ, ಕೊಬ್ಬು, ವಂಶದಲ್ಲಿ ಬಂದಿದೆಯೇ ಎಂಬ ಪರೀಕ್ಷೆ, ಎಲ್ಲಕ್ಕೂ ನಾನೇ ಸಾರಥಿ. ಬಾಯಿಯಿಂದ ಕೊಳವೆ ಇಳಿಸಿ ಕಲ್ಲು ತೆಗೆದು ನಾಳದಲ್ಲಿ ಸ್ಟೆಂಟ್ ಇಟ್ಟರು. ಅನ್ನದ ಮೊದಲ ತುತ್ತಿನ ಜೊತೆ ನುಂಗುವ ಕಿಣ್ವದ ಮಾತ್ರೆ ಶುರುವಾಯಿತು. ಮುನಿರಾಜಣ್ಣನ ಕೆನ್ನೆ ತುಸು ತುಂಬಿಕೊಂಡಾಗ ಅದು ನನ್ನದೇ ಗೆಲುವು ಅನ್ನಿಸಿತು. ಆದರೆ ನಾಲ್ಕು ತಿಂಗಳಲ್ಲಿ ನೋವು ಮರಳಿತು.

ಒಂದು ಭಾನುವಾರ ರಿಪೋರ್ಟು ಕೊಡಲು ಅವರ ಮನೆಗೆ ಹೋದೆ. ಅವರಿರಲಿಲ್ಲ. ಹೆಂಡತಿ ಪಿಳ್ಳಮ್ಮ ಕಾಫಿ ಕೊಟ್ಟು ಕೇಳಿದಳು.

“ಮೇಡಮ್ಮೋರೆ, ಸಂಜೆ ಒಂದು ಕ್ವಾರ್ಟರ್ ಕುಡುದ್ರೆ ಏನೂ ಆಗಲ್ವಾ? ನಿಜವಾಗ್ಲೂ?”

“ಯಾರು ಹೇಳಿದ್ದು?”

“ನೀವೇ ಏಳಿದ್ರಂತಲ್ಲ. ನೀವು ಡಾಕ್ಟ್ರತ್ರ ಕೇಳಿದ್ರಂತೆ, ವಸಿ ತಗೊಂಡ್ರೆ ನೋವು ಕಮ್ಮಿಯಾಗ್ತದೆ ಅಂದ್ರಂತೆ. ನಾನು ಬಾಟ್ಲಿ ಕಿತ್ಕೊಂಡಾಗೆಲ್ಲ ನಿಮ್ ಎಸ್ರೇ ಏಳ್ತಾನೆ. ಓದಿರೋರು ಏಳವ್ರೆ ಅಂತ ನಾನೂ ಸುಮ್ಕಾದೆ.”

ಕಾಫಿ ಲೋಟ ಕೆಳಗಿಟ್ಟೆ. ನಾನು ಹೊರಗೆ ಅವರ ಪರವಾಗಿ ಆಣೆ ಇಡುತ್ತಿದ್ದಾಗ, ಅವರು ಮನೆಯೊಳಗೆ ನನ್ನ ಹೆಸರಿನಲ್ಲಿ ಕುಡಿಯುತ್ತಿದ್ದರು.

ಮರುದಿನ ಬೆಳಿಗ್ಗೆ ಡ್ರೈವಿಂಗ್ ಸ್ಕೂಲಿನ ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ. “ನನ್ನ ಹೆಸರು ಯಾಕೆ ಹೇಳಿದ್ರಿ?”

“ನನ್ ಮಾತು ಮನೇಲಿ ಯಾರೂ ನಂಬಲ್ಲ. ನಿಮ್ದು ನಂಬ್ತಾರೆ.”

“ಮತ್ತೆ ನನಗೆ ಯಾಕೆ ಸುಳ್ಳು ಹೇಳಿದ್ರಿ?”

“ಎಲ್ರೂ ಕುಡುಕ ಅಂದ್ರು. ನೀವೊಬ್ರು ಅಲ್ಲ ಅಂದ್ರಿ. ಬೆಳಿಗ್ಗೆ ನಿಮ್ ಪಕ್ಕ ಕುಂತಾಗ ನಂಗೂ ಅಲ್ಲ ಅನ್ನಿಸ್ತಿತ್ತು ಮೇಡಮ್ಮೋರೆ.”

ಬಾಯಿಗೆ ಬಂದಂತೆ ಬೈದೆ. ನಲವತ್ತಾರು ವರ್ಷದಲ್ಲಿ ಯಾರನ್ನೂ ಹಾಗೆ ಬೈದಿರಲಿಲ್ಲ. ಮಾಲೀಕರಿಗೆ ನನ್ನ ಮಾತು ಹಿಂದಕ್ಕೆ ತಗೊಂಡಿದ್ದೇನೆ ಎಂದೆ. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. “ಗೊತ್ತಿದ್ರೆ ಮೊದಲ ದಿನವೇ ಕುಡಿತ ಬಿಡಿಸೋ ಚಿಕಿತ್ಸೆ ಶುರು ಮಾಡ್ತಿದ್ದೆ. ಅದು ನಿಲ್ಲದೆ ಉಳಿದಿದ್ದು ಏನು ಮಾಡಿದ್ರೂ ಅಷ್ಟೇ” ಎಂದರು. ಅವರು ನನ್ನನ್ನು ದೂರಲಿಲ್ಲ. ಆದರೂ ವ್ಯರ್ಥವಾದ ಆ ನಾಲ್ಕು ತಿಂಗಳಲ್ಲಿ ನನ್ನ ಗ್ಯಾರಂಟಿಯ ಪಾಲೂ ಇದೆ ಎಂಬುದು ನನಗೆ ಅರ್ಥವಾಯಿತು. ಅದಕ್ಕೂ ಸೇರಿಸಿ ಮುನಿರಾಜಣ್ಣನ ಮೇಲೆ ಸಿಟ್ಟು ಮಾಡಿಕೊಂಡೆ.

ಮೂರು ತಿಂಗಳ ಮೇಲೆ ಪಿಳ್ಳಮ್ಮ ಫೋನ್ ಮಾಡಿ ಅಳುತ್ತಾ ಕರೆದಾಗ ಅದೇ ಆಸ್ಪತ್ರೆಗೆ ಹೋದೆ. ವಾರ್ಡಿನಲ್ಲಿ ಅವರು ಒಂದು ಹಿಡಿಯಾಗಿದ್ದರು. ಸಕ್ಕರೆ ಏರಿತ್ತು, ಹೊಟ್ಟೆಯೊಳಗೆ ಸೋಂಕಾಗಿ ಜ್ವರ ಬಿಟ್ಟಿರಲಿಲ್ಲ. ಪಿಳ್ಳಮ್ಮ ಔಷಧಿ ತರಲು ಕೆಳಗೆ ಹೋಗಿದ್ದಳು. ಹೊಸ ಡಾಕ್ಟರೊಬ್ಬರು ಬಂದು, ಕೊನೆಯ ಸಲ ಕುಡಿದದ್ದು ಯಾವಾಗ ಎಂದು ಕೇಳಿದರು.

“ಬಿಟ್ಟು ಮೂರ್ ತಿಂಗ್ಳಾಯ್ತು ಸಾ. ಬೇಕಾದ್ರೆ ಮೇಡಮ್ಮೋರ್ನ ಕೇಳಿ.”

ಡಾಕ್ಟರು ನನ್ನ ಕಡೆ ತಿರುಗಿದರು. ಮುನಿರಾಜಣ್ಣನೂ ನೋಡುತ್ತಿದ್ದರು.

“ನನಗೆ ಗೊತ್ತಿಲ್ಲ” ಎಂದೆ.

ಮುನಿರಾಜಣ್ಣ ಮೆಲ್ಲಗೆ ಗೋಡೆಯ ಕಡೆ ಹೊರಳಿಕೊಂಡರು. ಆರನೆಯ ದಿನ ತೀರಿಕೊಂಡರು. ನನ್ನ ಉತ್ತರದಿಂದ ಚಿಕಿತ್ಸೆಯಲ್ಲಿ ಏನೂ ವ್ಯತ್ಯಾಸವಾಗಲಿಲ್ಲ, ಸೋಂಕು ಅಷ್ಟು ಹರಡಿತ್ತು ಎಂದು ಡಾಕ್ಟರಮ್ಮ ಆಮೇಲೆ ಹೇಳಿದರು.

ತಿಥಿ ಮುಗಿದ ಮೇಲೆ ಪಿಳ್ಳಮ್ಮನನ್ನು ನೋಡಲು ಹೋದೆ. ಏನೂ ಕೇಳಿರಲಿಲ್ಲ, ಅವಳೇ ಹೇಳಿದಳು.

“ನೀವು ಬೈದ ದಿನದಿಂದ ಒಂದು ತೊಟ್ಟೂ ಮುಟ್ಟಿರ್ಲಿಲ್ಲ ಮೇಡಮ್ಮೋರೆ. ಬೀಡಿನೂ ಬುಟ್ಟಿದ್ದ.”

ಸತ್ತ ಗಂಡನ ಮಾನ ಕಾಯಲು ಆಡುತ್ತಿರುವ ಮಾತಿರಬಹುದೇ ಎಂದು ನಾನು ಒಂದು ಗಳಿಗೆ ಅವಳ ಮುಖವನ್ನೇ ನೋಡಿದೆ. ಯಾಕೆ ಹಾಗೆ ನೋಡಿದೆ ಎಂಬುದು ಅವಳಿಗೆ ತಿಳಿದುಹೋಯಿತು.

“ನಾನ್ ಏಳಿದ್ರೂ ನಂಬಲ್ವಾ?” ಅಂದಳು.