ಆಚೆ ದಡಕ್ಕೆ ಕೈ ಬೀಸಬಾರದು

ನಮ್ಮ ರಾವ್ನಾ ಅತ್ತೆಗೆ ಎಪ್ಪತ್ತೊಂದು ವರ್ಷ, ಇಪ್ಪತ್ತಮೂರು ಹಿಮಸಾರಂಗ, ಯಾರ ಮಾತನ್ನೂ ಕೇಳದ ಸ್ವಭಾವ. ಮನೆ ಪಾಸ್ವಿಕ್ ನದಿಯ ದಡದಲ್ಲಿ. ನದಿಯ ನಡುಮಧ್ಯೆ ಗಡಿ: ಈಚೆ ನಮ್ಮ ನಾರ್ವೆ, ಆಚೆ ರಷ್ಯಾ. ಆಚೆಯವರನ್ನು ಮಾತಾಡಿಸಬಾರದು, ಕಲ್ಲೆಸೆಯಬಾರದು, ಕೈ ಕೂಡ ಬೀಸಬಾರದು, ಬೀಸಿದರೆ ದಂಡ. ಕಾನೂನು ಹಳೆಯದು, ಯುದ್ಧ ಶುರುವಾದ ಮೇಲೆ ಬಿಗಿಯಾಗಿದೆ. ಪೇಟೆಗೆ ಆಗಾಗ ಟೈ ಕಟ್ಟಿದವರು ಬರುತ್ತಾರೆ. ಹಿಮ ಕರಗಿದರೆ ಉತ್ತರದ ಹಡಗುದಾರಿ ಯಾರ ಕೈಗೆ ಹೋಗಬೇಕು ಎಂದು ಭಾಷಣ ಬಿಗಿದು, ಏಡಿ ತಿಂದು ಹೋಗುತ್ತಾರೆ. ಅತ್ತೆಯೂ ಒಮ್ಮೆ ಹೋಗಿ ಕೂತಿದ್ದಳು. ಏಡಿ ಚೆನ್ನಾಗಿತ್ತು ಎಂದಳು.

ಹೋದ ಏಪ್ರಿಲ್‌ನಲ್ಲಿ ಅವಳ ಮಂದೆ ಹೆಪ್ಪುಗಟ್ಟಿದ ನದಿ ದಾಟಿ ರಷ್ಯಾ ಸೇರಿತು. ಆಚೆ ಕಲ್ಲುಹೂವು ದಟ್ಟವಾಗಿ ಬೆಳೆದಿತ್ತು, ಮೇಯುವ ಬಾಯಿಗೆ ಎಲ್ಲಿಯ ಗಡಿ? ಹಿಂದೆಲ್ಲ ಎರಡೂ ಕಡೆಯ ಅಧಿಕಾರಿಗಳು ಪತ್ರ ಬರೆದುಕೊಂಡು ವಾರದೊಳಗೆ ವಾಪಸು ಕೊಡಿಸುತ್ತಿದ್ದರು. ಮೇ ತನಕ ಮಂಜುಗಡ್ಡೆಯೂ ಗಟ್ಟಿಯಾಗಿರುತ್ತಿತ್ತು. ಈಗ ಪತ್ರಕ್ಕೆ ತಿಂಗಳು ಬೇಕು, ಮಂಜುಗಡ್ಡೆಗೆ ಇನ್ನೆರಡೇ ದಿನ. ಅದು ಒಡೆದರೆ ಗಬ್ಬದ ಹೆಣ್ಣುಗಳು ಆಚೆಯೇ ಈಯುತ್ತವೆ. ಮಂದೆ ಹೋದ ಹಾಗೆಯೇ ಲೆಕ್ಕ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಗುವುದು ಎಂದರೆ ಇದೇ.

ಅತ್ತೆ ದಡದಲ್ಲಿ ನಿಂತು, ಮಂದೆಯ ಮುಂದಾಳು ಹೆಣ್ಣು ಸಾರಂಗವನ್ನು ನಮ್ಮ ಸಾಮಿ ಭಾಷೆಯಲ್ಲಿ, ವಾಪಸು ಬಾ ಎಂದು ಬಯ್ಯತೊಡಗಿದಳು. ಗಡಿ ಪೊಲೀಸ್ ಓಡ್ವಾರ್ ಏದುಸಿರು ಬಿಡುತ್ತ ಬಂದ. ಅವನು ನನ್ನ ಶಾಲೆಯ ಗೆಳೆಯ. ಇಬ್ಬರಿಗೂ ಈಗ ತಲೆ ಬೋಳು.

"ಅತ್ತೆ, ಆಚೆ ಕಡೆ ಮಾತಾಡೋ ಹಾಗಿಲ್ಲ."

"ನನ್ನ ಸಾರಂಗದ ಹತ್ರ ಮಾತಾಡ್ತಿದೀನಪ್ಪ. ಅದು ನಾರ್ವೆದೇ. ಬೇಕಾದ್ರೆ ಕಿವಿ ಗುರುತು ನೋಡ್ಕೊಂಡು ಬಾ."

ಓಡ್ವಾರ್ ಮೇಲಧಿಕಾರಿಗೆ ಫೋನು ಹಚ್ಚಿದ, ಅವರು ತಮ್ಮ ಮೇಲಿನವರಿಗೆ. ಸಾರಂಗವನ್ನು ಕರೆಯುವುದು ತಪ್ಪೋ ಅಲ್ಲವೋ ಯಾರಿಗೂ ತಿಳಿಯಲಿಲ್ಲ. ಮಂದೆ ಕಿವಿ ನಿಮಿರಿಸಿತು. ಆದರೆ ನೀರು ನಿಂತ ಮಂಜುಗಡ್ಡೆಯ ಮೇಲೆ ಕಾಲಿಡಲು ಹೆದರಿತು.

ಆಗ ಆಚೆಯ ಪೊದೆಯಿಂದ ರಷ್ಯಾದ ಕಾವಲುಗಾರನೊಬ್ಬ ಬಂದ. ನಮ್ಮ ಕಡೆ ನೋಡಲಿಲ್ಲ. ಮಂದೆಯ ಹಿಂದಿನಿಂದ ಸುತ್ತಿ ಬಂದು, ತನ್ನ ಗಡಿಗಂಬ ಗಟ್ಟಿಯಿದೆಯೇ ಎಂದು ನೋಡುವವನಂತೆ ಕೋಲಿನಿಂದ ಟಕಟಕ ಬಡಿದ. ಅಷ್ಟೇ ಸಾಕಾಯಿತು. ಇಪ್ಪತ್ತಮೂರೂ ನೀರು ಚಿಮ್ಮಿಸುತ್ತ ಈಚೆಗೆ ಓಡಿ ಬಂದವು. ಅತ್ತೆಯ ಕಣ್ಣು ತುಂಬಿತು, ನನ್ನದೂ. ಅವಳು ಕೈ ಎತ್ತಿ ಜೋರಾಗಿ ಬೀಸಿದಳು.

ಓಡ್ವಾರ್ ವಿಧಿಯಿಲ್ಲದೆ ದಂಡದ ಪುಸ್ತಕ ತೆಗೆದ. ಸಾರಂಗಕ್ಕೆ ಬೀಸಿದ್ದು ಎಂದು ಹೇಳಿಬಿಡಿ ಎಂದು ಅವನೇ ದಾರಿ ತೋರಿಸಿದ.

"ಆ ಕಳ್ಳಮುಂಡೇವಕ್ಕೆ ಯಾಕೆ ಬೀಸ್ಲಿ? ಅವನಿಗೇ ಬೀಸಿದ್ದು. ಬರ್ಕೋ, ದಂಡ ಕಟ್ತೀನಿ."

ಓಡ್ವಾರ್ ಬರೆದುಕೊಂಡ. ಅದರಲ್ಲಿ ಇನ್ನೊಂದು ಪ್ರಶ್ನೆಯಿತ್ತು: ಆಚೆಯವನು ಪ್ರತಿಯಾಗಿ ಏನಾದರೂ ಮಾಡಿದನೇ? ಈ ಕಾಗದದ ಒಂದು ಪ್ರತಿ ಆ ಕಾವಲುಗಾರನ ಮೇಲಧಿಕಾರಿಗೂ ಹೋಗುತ್ತದೆ ಎಂದು ಓಡ್ವಾರ್ ಮೆಲ್ಲಗೆ ಹೇಳಿದ.

ಅತ್ತೆ ನದಿಯಾಚೆ ಒಮ್ಮೆ ನೋಡಿದಳು.

"ಇಲ್ಲ. ನಮಗೆ ಬೆನ್ನು ಹಾಕಿ ನಿಂತಿದ್ದ. ಏನೂ ನೋಡ್ಲಿಲ್ಲ. ಅದನ್ನೂ ಬರ್ಕೋ."

ಓಡ್ವಾರ್ ಬರೆದ. ಸಾಕ್ಷಿಯ ಜಾಗದಲ್ಲಿ ನಾನು ಸಹಿ ಹಾಕಿದೆ. ಆಚೆ ದಡದಲ್ಲಿ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು, ನಮ್ಮನ್ನೇ ನೋಡುತ್ತ ಇನ್ನೂ ನಿಂತಿದ್ದ.