ಗೇರ್‌ಬಾಕ್ಸಿಗೆ ಸುತ್ತಿದ ಹುರುಳಿ ಬಳ್ಳಿ

ಇದನ್ನು ಬರೆಯುತ್ತಿರುವ ಅಮರಮ್ಮನ ಅಕ್ಷರ ಸೊಟ್ಟ, ಮಾತೂ ಒರಟು. ಒಂಬತ್ತನೇ ಇಯತ್ತೆಯಲ್ಲಿ ಶಾಲೆ ಬಿಟ್ಟವಳು. ತಪ್ಪಿದ್ದಲ್ಲಿ ಓದುವವರು ಮನ್ನಿಸಬೇಕು. ಹೇಳಬೇಕಾದದ್ದು ಅವಳ ತಂದೆ ವೆಂಕೋಬನ ವಿಚಾರ.

ವೆಂಕೋಬ ಸಿಂಧನೂರಿನ ರೈಸ್‌ಮಿಲ್ ಸಾಹುಕಾರ ಶಿವಶರಣಪ್ಪನವರ ಅಂಬಾಸಿಡರ್ ಓಡಿಸುತ್ತಾನೆ. ಅವನ ಮನೆ ಇರುವುದು ಮಸ್ಕಿ ರಸ್ತೆಯ ಮೇಲಿನ ಹಳ್ಳಿಯಲ್ಲಿ. ಸುಗ್ಗಿ ಬಂದರೆ ಆ ಡಾಂಬರು ರಸ್ತೆಯೇ ಊರಿಗೆ ಕಣ. ಕಿತ್ತ ಹುರುಳಿಯನ್ನು ಹೆಂಗಸರು ರಸ್ತೆಗೆ ಅಡ್ಡ ಹರವುತ್ತಿದ್ದರು. ಹೋಗಿಬರುವ ಗಾಡಿಗಳ ಗಾಲಿಗೆ ಸಿಕ್ಕಿ ಕಾಯಿ ಒಡೆಯುತ್ತಿತ್ತು. ವೆಂಕೋಬ ಊರಿನವನಾದ್ದರಿಂದ ಅವನಿಗೆ ಕೈ ಅಡ್ಡ ಹಿಡಿಯುವರು. ಗಾಡಿ ಖಾಲಿ ಇದ್ದರೆ ಅವನು ಹಿಂದೆ ಮುಂದೆ ಓಡಿಸಿ ಕೊಡುವನು. ಹೆಂಡತಿ ಕನಕಮ್ಮನ ಹುರುಳಿಯಾದರೆ ಇನ್ನೂ ಒಂದು ಸಲ.

೧೯೯೧ರ ಸುಗ್ಗಿಯಲ್ಲಿ ಗಾಡಿಯ ಮೀಟರು ಕೆಟ್ಟಿತು. ಮುಳ್ಳು ಸೊನ್ನೆಯಲ್ಲಿ ಮಲಗಿರುವುದು, ಒಮ್ಮೆಲೇ ಅರವತ್ತಕ್ಕೆ ಹಾರುವುದು, ಮತ್ತೆ ಬೀಳುವುದು. ಲಿಂಗಸುಗೂರಿಗೆ ಹೋಗಿಬಂದರೂ ಕಿಲೋಮೀಟರು ಅರ್ಧದಷ್ಟೂ ಏರುತ್ತಿರಲಿಲ್ಲ. ವೆಂಕೋಬ ಮೀಟರಿನ ಕೇಬಲ್ ಬಿಚ್ಚಿಟ್ಟು ಹಟ್ಟಿ ಚಿನ್ನದ ಗಣಿಗೆ ಬಾಡಿಗೆ ಹೊಡೆಯುತ್ತಾನೆ ಎಂದು ಮಿಲ್ಲಿನಲ್ಲಿ ಯಾರೋ ಸಾಹುಕಾರರ ಕಿವಿ ಊದಿದರು. ಸಾಹುಕಾರರು ಬೈಯಲಿಲ್ಲ. ಮಸ್ಕಿಯಲ್ಲಿ ಗಾಡಿ ರಿಪೇರಿ ಮಾಡುವ ಬಂದೇಸಾಬ ಮಿಸ್ತ್ರಿಯ ಮುಂದೆ ಗಾಡಿ ನಿಲ್ಲಿಸಿ, ಕೇಬಲ್ ಬಿಚ್ಚಿದ್ದು ಖರೆಯಾದರೆ ಇಲ್ಲಿಂದಲೇ ನೀನು ಮನೆಗೆ ನಡೆ ಎಂದರು. ವೆಂಕೋಬನಿಗೆ ಬರುತ್ತಿದ್ದದ್ದು ಗಾಡಿ ಓಡಿಸುವುದೊಂದೇ ಕೆಲಸ.

ಬಂದೇಸಾಬ ಮೊದಲು ಕೇಬಲ್ಲಿನ ನಟ್ಟು ನೋಡಿದ. ಮಣ್ಣು, ಎಣ್ಣೆ ಸೇರಿ ಕಲ್ಲಾಗಿತ್ತು; ಅದನ್ನು ವರ್ಷಗಟ್ಟಲೆ ಯಾರೂ ಮುಟ್ಟಿರಲಿಲ್ಲ. ಕೆರೆದು ಬಿಚ್ಚಿ, ಕೇಬಲ್ಲಿನ ತುದಿಯನ್ನು ಬೆರಳಲ್ಲಿ ತಿರುಗಿಸಿದ. ಮುಳ್ಳು ಮೇಲೆದ್ದಿತು. ಮೀಟರೂ ನೆಟ್ಟಗಿತ್ತು, ಕೇಬಲ್ಲೂ ನೆಟ್ಟಗಿತ್ತು.

"ಟಾಪ್ ಗೇರು ನಿಲ್ತೈತೇನಪಾ?" ಎಂದು ಕೇಳಿದ.

"ಇಲ್ಲಣ್ಣ. ಏರಿನ್ಯಾಗ ತಾನ ಬಿಟ್ಟು ಹೊರಗ ಬರ್ತೈತಿ."

ಎರಡು ರೋಗಕ್ಕೂ ಬುಡ ಒಂದೇ ಎಂದು ಬಂದೇಸಾಬ ಗಾಡಿಯ ಕೆಳಗೆ ಹೊಕ್ಕ. ಹೊರಗೆ ಬಂದಾಗ ಅವನ ಕೈಯಲ್ಲಿ ಎಣ್ಣೆ ಕುಡಿದು ಕಪ್ಪಾದ ಹಗ್ಗದಂಥದ್ದು ಇತ್ತು. ಅದು ಹುರುಳಿ ಬಳ್ಳಿ. ಗಾಡಿ ಹರಿದಾಡುವಾಗ ತಿರುಗುವ ಶಾಫ್ಟಿಗೆ ಸುತ್ತಿಕೊಂಡು, ಬಿಗಿದು, ಗೇರ್‌ಬಾಕ್ಸಿನ ಹಿಂದಿನ ಆಯಿಲ್ ಸೀಲನ್ನು ತಿಂದಿತ್ತು. ಎಣ್ಣೆ ಸೋರಿ ಒಳಗಿನ ಹಲ್ಲುಗಳು ಒಣಗಿ ಸವೆದಿದ್ದವು. ಮೀಟರಿನ ಕೇಬಲ್ ತಿರುಗಿಸುವ ಹಲ್ಲೂ ಅಲ್ಲೇ ಇರುವುದು.

ಕೇಬಲ್ಲಿನ ಅನುಮಾನ ಹೋಯಿತು. ಆದರೂ ವೆಂಕೋಬ ತಲೆ ಎತ್ತಲಿಲ್ಲ. ಬಂದೇಸಾಬ ಅವನ ಮುಖ ನೋಡಿ ಮೆಲ್ಲಗೆ ಅಂದ: "ರಸ್ತೆ ತುಂಬ ಹುರುಳಿ ಹಾಕ್ಯಾರ, ಸಾಹುಕಾರ್ರ. ಯಾರದಂತ ಹೇಳೂದು?"

ಅಷ್ಟಕ್ಕೇ ವೆಂಕೋಬ ಸುಮ್ಮನಿದ್ದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ನಮ್ಮದ ರೀ," ಅಂದ ವೆಂಕೋಬ. "ನಿಮ್ಮ ಗಾಡಿ ಅದರ ಮ್ಯಾಲೆ ನಾನ ತಿರುಗಿಸೀನಿ. ಒಂದ ಸಲ ಅಲ್ಲ."

ಶಿವಶರಣಪ್ಪನವರು ಬಳ್ಳಿಯನ್ನು ಮಿಸ್ತ್ರಿಯ ಕೈಯಿಂದ ತೆಗೆದುಕೊಂಡರು.

"ಕಳ್ಳ ಅಲ್ಲ ನೀ, ಅದು ಖರೆ. ಗಾಡಿ ಕೆಡಿಸಿದ್ದೂ ಖರೆ," ಎಂದು ಕೀಲಿಗಾಗಿ ಕೈ ಚಾಚಿದರು.

ಯುಗಾದಿಯವರೆಗೆ ವೆಂಕೋಬ ಮಿಲ್ಲಿನಲ್ಲಿ ಚೀಲ ಹೊತ್ತ. ಕನಕಮ್ಮ ದಿನಾ ಅವನ ಬೆನ್ನಿಗೆ ಎಣ್ಣೆ ತಿಕ್ಕುತ್ತಿದ್ದಳು. ಹಬ್ಬ ಕಳೆದ ಮೇಲೆ ಸಾಹುಕಾರರು ಕೀಲಿಯನ್ನು ಅವನ ಕೈಗೆ ಹಾಕಿದರು.

ಅಂದಿನಿಂದ ಅವನು ರಸ್ತೆಯ ಮೇಲೆ ಹರವಿದ ಹುರುಳಿ ಕಂಡರೆ ಗಾಡಿಯನ್ನು ಪಕ್ಕದ ಮಣ್ಣಿಗೆ ಇಳಿಸುತ್ತಾನೆ. "ಏನ ವೆಂಕೋಬಣ್ಣ, ನಮ್ಮ ಹುರುಳಿ ತುಳದ್ರ ನಿನ್ನ ಗಾಲಿ ಮೈಲಿಗಿ ಆಗ್ತಾವೇನು?" ಎಂದು ಹುರುಳಿ ಹರವುವ ಊರಿನ ಹುಸೇನಮ್ಮ ಚುಚ್ಚುತ್ತಾಳೆ. ಅವನು ನಕ್ಕು ಮುಂದೆ ಹೋಗುತ್ತಾನೆ.

ಈ ವರ್ಷದ ಹುರುಳಿ ಕಿತ್ತು ಮನೆಗೆ ಬಂದಿದೆ. ನಾಳೆ ಬೆಳಿಗ್ಗೆ ಅಮರಮ್ಮ ಹಿತ್ತಲಲ್ಲಿ ನೆಲ ಬಡಿದು, ಸೆಗಣಿ ಸಾರಿಸಿ, ಕಣ ಮಾಡುತ್ತಾಳೆ.